ದಂಡನಾಯಕನ ಹಾಸಿಗೆ

ಕನೆಕ್ಟಿಕಟ್ ಸೀಮೆಯ ನಮ್ಮ ಊರಿನ ಹಳೆಯ ತಂಗುಮನೆಯನ್ನು ವೆಂಡೆಲ್ ಪ್ರಾಟ್ ಎಂಬಾತನು ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಅದರ ಇನ್ನೂರು ವರ್ಷಗಳ ವಯಸ್ಸನ್ನು ತಾನೇ ಗಳಿಸಿಕೊಟ್ಟವನಂತೆ ನಡೆಯತೊಡಗಿದ್ದನು. ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯನ್ನು ಮಾರಿ ಬಂದವನು. ಹೊಸ ಚರಕವೊಂದು ಹಳೆಯದಾಗಿ ಕಾಣಲೆಂದು ಅದಕ್ಕೆ ಹೊಗೆ ಹಿಡಿಸಿ ಒಲೆಯ ಬಳಿ ಇರಿಸಿದನು. ಅದೇನೆಂದು ಕೇಳಿದ ಅತಿಥಿಗೆ ಬೆಣ್ಣೆ ಕಡೆಯುವ ಯಂತ್ರವೆಂದು ವಿವರಿಸಿದನು.

ಇನ್ನು ಹಾಸಿಗೆಯೊಂದು ಬಾಕಿ. ನಮ್ಮ ಮುತ್ತಜ್ಜಂದಿರ ಕಾಲದ ಸ್ವಾತಂತ್ರ್ಯಸಮರದ ದಂಡನಾಯಕನು ಮಲಗಿದ್ದ ಹಾಸಿಗೆಯಿಲ್ಲದ ತಂಗುಮನೆಯಲ್ಲಿ ಮೋಟಾರು ಕಾರಿನ ಜನ ಇಳಿಯುವುದಿಲ್ಲ. ನಮ್ಮ ಸೀಮೆಯ ತಂಗುಮನೆಗಳ ಮಾತನ್ನೆಲ್ಲ ನಂಬುವುದಾದರೆ, ಆ ಮಹಾನುಭಾವನಿಗೆ ಯುದ್ಧ ಮಾಡಲು ಎಚ್ಚರವಿದ್ದ ಹೊತ್ತೇ ಸಿಕ್ಕಿರಲಾರದು. ಪ್ರಾಟನು ಉತ್ತರದ ಕೋಣೆಯನ್ನು ಆರಿಸಿದನು. ಅಲ್ಲಿ ಅಡುಗೆಯ ಕೆಜಾಯಾ ಟಟ್ಲ್ ಮೂವತ್ತೊಂದು ವರ್ಷಗಳಿಂದ ವಾಸವಾಗಿದ್ದಳು. ಶನಿವಾರದೊಳಗೆ ಆಕೆ ಕೋಣೆ ಬಿಡಬೇಕೆಂದೂ, ಕುದುರೆಲಾಯದ ಅಟ್ಟ ಆಕೆಗೆ ಸಾಕೆಂದೂ ಅಪ್ಪಣೆಯಾಯಿತು.

ಆದರೆ ದಾಖಲೆಯಿಲ್ಲದೆ ಇತಿಹಾಸ ಸಂಘದವರು ಗೋಡೆಗೆ ಹಾಕುವ ಸ್ಮಾರಕ ಫಲಕ ಕೊಡುವುದಿಲ್ಲ. ಇಲ್ಲಿಯ ಚರ್ಚಿನ ಪಾದ್ರಿಯಾದ ನನ್ನ ವಶದಲ್ಲಿ, ಆ ಕಾಲದ ಪಾದ್ರಿಯೊಬ್ಬರು ಲ್ಯಾಟಿನ್ನಿನಲ್ಲಿ ಬರೆದಿಟ್ಟ ದಿನಚರಿ ಇತ್ತು. ಪ್ರಾಟನ ಕೋರಿಕೆಯಂತೆ ಶುಕ್ರವಾರ ಮಧ್ಯಾಹ್ನ ಅದನ್ನು ತಂಗುಮನೆಯ ಅಡುಗೆಮನೆಗೆ ಒಯ್ದೆನು. ಕೆಜಾಯಾ ಮರುದಿನಕ್ಕೆಂದು ಹುರುಳಿಕಾಯಿ ಬೀಜ ನೆನೆಹಾಕುತ್ತಿದ್ದಳು.

"ಓದಿ ಪಾದ್ರಿಗಳೇ, ಇವಳೂ ಕೇಳ್ಲಿ. ನಾನೇನು ಮನಸ್ಸಿಗೆ ಬಂದ ಹಾಗೆ ಎಬ್ಬಿಸ್ತಿಲ್ಲ ಅಂತ ಗೊತ್ತಾಗ್ಲಿ," ಎಂದನು ಪ್ರಾಟ್.

"ಕೇಳ್ತೀನಿ ಬಿಡಿ ಯಜಮಾನ್ರೇ. ಮೂವತ್ತೊಂದು ವರ್ಷ ಆ ಮಂಚದಲ್ಲೇ ಮಲಗಿದೀನಿ. ಆ ಪುಣ್ಯಾತ್ಮ ಒಂದಿನಾನೂ ಪಕ್ಕಕ್ಕೆ ಸರಿ ಅನ್ನಲಿಲ್ಲ," ಎಂದಳು ಆಕೆ.

ನಾನು ಓದಿ ಹೇಳಿದೆನು. ನನ್ನ ಪೂರ್ವಾಧಿಕಾರಿಯ ವಿಭಕ್ತಿಗಳು ಕುಂಟುತ್ತಿದ್ದರೂ ಸಂಗತಿ ಸ್ಪಷ್ಟವಾಗಿತ್ತು. ದಂಡನಾಯಕನು ಮಳೆಯಲ್ಲಿ ನೆನೆದು ಬಂದು ಉತ್ತರದ ಕೋಣೆಯನ್ನು ಕೇಳಿದ್ದು ನಿಜ. ಆದರೆ ಅಂದು ಅಪರಿಚಿತರು ಇಬ್ಬಿಬ್ಬರಾಗಿ ಒಂದೇ ಹಾಸಿಗೆಯಲ್ಲಿ ಮಲಗುವುದು ರೂಢಿ. ಮೊದಲು ಮಲಗಿದವನನ್ನು ಆಮೇಲೆ ಬಂದವನಿಗಾಗಿ ಎಬ್ಬಿಸಬಾರದೆಂಬುದು ಆ ಮನೆಯ ಕಟ್ಟಳೆ. ಹಾಸಿಗೆಯಲ್ಲಿ ತಗಡಿನ ಪಾತ್ರೆ ಮಾರುವವನೊಬ್ಬನೂ ಹಂದಿಯ ವ್ಯಾಪಾರಿಯೊಬ್ಬನೂ ಗೊರಕೆ ಹೊಡೆಯುತ್ತಿದ್ದರು. ಮನೆಯ ಯಜಮಾನಿ ಬಾಗಿಲಿಗೆ ಅಡ್ಡ ನಿಂತಳು. ದಂಡನಾಯಕನು ಆಕೆಯ ಮಾತು ನ್ಯಾಯವೆಂದು ಒಪ್ಪಿ, ಕೆಳಗಿನ ಬೆಂಚಿನ ಮೇಲೆ ಮಲಗಿದನು.

ಪ್ರಾಟ್ ಗಲ್ಲ ಕೆರೆದುಕೊಂಡನು. "ಆ ಹಂದಿ ವ್ಯಾಪಾರೀನ ಬಿಟ್ಟು ಓದೋಕಾಗಲ್ವಾ?"

"ಆಗುತ್ತೆ. ಆದ್ರೆ ಸಂಘದವರ ಮುಂದೆ ಆಣೆ ಮಾಡೋಕೆ ನನ್ನ ಕರೀಬೇಡಿ," ಎಂದೆನು.

"ಹೋಗ್ಲಿ, ಆ ಬೆಂಚಾದ್ರೂ ಎಲ್ಲಿ?"

"ಹುಳ ಹಿಡಿದಿದೆ ಅಂತ ಹೋದ ತಿಂಗಳು ನೀವೇ ಸೌದೆ ಮಾಡಿಸಿದ್ರಲ್ಲ," ಎಂದಳು ಕೆಜಾಯಾ. "ಚೆನ್ನಾಗಿ ಉರೀತು."

ಆಕೆ ಕೈ ಒರೆಸಿಕೊಂಡು ಮುಂದುವರಿದಳು: "ಆ ಕೋಣೆಗಿರೋ ಹೆಸರೇ ಇಷ್ಟು ಯಜಮಾನ್ರೇ, ಇರೋರನ್ನ ದಂಡನಾಯಕರಿಗೋಸ್ಕರಾನೂ ಎಬ್ಬಿಸಲಿಲ್ಲ ಅಂತ. ನಾಳೆ ನನ್ನ ಎಬ್ಬಿಸಿದ್ರೆ ಫಲಕದಲ್ಲಿ ಏನ್ ಬರೆಸ್ತೀರಿ? ಗುಂಡಿ ಸಾಹುಕಾರರಿಗೋಸ್ಕರ ಎಬ್ಬಿಸಿದ್ರು ಅಂತಾನಾ?"

ಪ್ರಾಟನ ಅಂತಃಕರಣ ಕರಗಿತೆಂದು ಹೇಳಿ ನಾನು ಪಾಪಕ್ಕೆ ಗುರಿಯಾಗಲಾರೆ. ಎಚ್ಚರಗೊಂಡದ್ದು ಆತನೊಳಗಿನ ಅಂಗಡಿಕಾರ. "ಇರು, ಇರು," ಎಂದು ಕಾಗದದ ಚೂರೊಂದರಲ್ಲಿ ಆಗಲೇ ಫಲಕದ ಒಕ್ಕಣೆಯನ್ನು ಬರೆದುಕೊಳ್ಳತೊಡಗಿದನು. ಅಟ್ಟದ ಮಾತು ಮತ್ತೆ ಏಳಲಿಲ್ಲ.

ಈಗ ಫಲಕ ಬಂದಿದೆ. ಪ್ರತಿ ಭಾನುವಾರ ಪ್ರಾಟನು ಅತಿಥಿಗಳನ್ನು ಮೆಟ್ಟಿಲೇರಿಸಿ, ಮುಚ್ಚಿದ ಬಾಗಿಲ ಮುಂದೆ ದನಿ ತಗ್ಗಿಸಿ, ದಂಡನಾಯಕನಿಗೇ ಸಿಗದ ಕೋಣೆ ಇಂದಿಗೂ ಯಾರಿಗೂ ಸಿಗದೆಂದು ಸಾರುತ್ತಾನೆ. ಛತ್ರದಲ್ಲಿ ಸ್ಥಳ ದೊರೆಯದೆ ದನದ ಕೊಟ್ಟಿಗೆಯ ಗೋದಲಿಯಲ್ಲಿ ಮಲಗಿದ ಶಿಶುವಿನ ಕಥೆಯನ್ನು ನಾನು ಪ್ರತಿ ಡಿಸೆಂಬರಿನಲ್ಲಿ ಓದುವಾಗ ತೂಕಡಿಸುವ ನಮ್ಮ ಊರಿನ ಜನರೂ ಈಗ ಆ ಬಾಗಿಲ ಮುಂದೆ ಟೋಪಿ ತೆಗೆದು ನಿಲ್ಲುತ್ತಾರೆ.

ಮೊನ್ನೆ ನ್ಯೂಯಾರ್ಕಿನ ಹೆಂಗಸೊಬ್ಬಳು ಬಾಗಿಲು ತಟ್ಟಿ, ಒಮ್ಮೆ ಇಣುಕಿ ನೋಡಬಹುದೇ ಎಂದು ವಿನಯದಿಂದ ಕೇಳಿದಳು.

"ಕಾಲಿಗೆ ಎಣ್ಣೆ ಹಚ್ಕೊಂಡು ಕೂತಿದೀನಿ ಕಣಮ್ಮ," ಎಂದಿತು ಒಳಗಿನ ದನಿ. "ಕೆಳಗೆ ಹೋಗಿ ಚರಕ ನೋಡಿ."