ಹತ್ತು ನಿಮಿಷದ ಬೆಂಚು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಗೇಟು ಕಾದವನು ನಾನು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಬಂದವರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸೆಕ್ಯೂರಿಟಿ ಏಜೆನ್ಸಿಯಲ್ಲಿ ಯಾರೂ ಇರಲಿಲ್ಲ. ನಾನು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ರೋಗಿಯನ್ನು ನೋಡಲು ಬಂದವರ ಕೈಯಲ್ಲಿ ಏನಾದರೂ ಇರುತ್ತದೆ, ಊಟದ ಡಬ್ಬಿಯೋ ಹಣ್ಣೋ ಮಡಚಿದ ಬಟ್ಟೆಯೋ. ಬಾಯಲ್ಲಿ ಒಂದು ಪ್ರಶ್ನೆಯೂ ಇರುತ್ತದೆ. ಬರಿಗೈಯಲ್ಲಿ ಬಂದು, ಏನೂ ಕೇಳದೆ ನೆಟ್ಟಗೆ ಮೆಟ್ಟಿಲ ಕಡೆ ನಡೆಯುವವನನ್ನು ಕಂಡರೆ ಒಳಗೇ ಏನೋ ಕೊರೆಯುತ್ತಿತ್ತು. "ಪೆನ್ನು ಬರೀತಿಲ್ಲ, ಒಂದ್ಹತ್ತು ನಿಮಿಷ ಕೂತ್ಕೊಳ್ಳಿ ಸಾರ್" ಎಂದು ಬೆಂಚು ತೋರಿಸಿ, ಮೆಲ್ಲಗೆ ವಾರ್ಡಿನ ಸಿಸ್ಟರಿಗೆ ಫೋನ್ ಮಾಡುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಏನೂ ಇರುತ್ತಿರಲಿಲ್ಲ, ಚೆನ್ನಾಗಿ ಬೈಸಿಕೊಳ್ಳುತ್ತಿದ್ದೆ.

ಆಮೇಲೆ ಬಂತು ನೋಡಿ ಈ ಮಷಿನ್. ರೋಗಿಯನ್ನು ಸೇರಿಸುವಾಗಲೇ ಮನೆಯವರ ಫೋಟೋ ತೆಗೆದಿರುತ್ತಾರೆ. ಗೇಟಿನಲ್ಲಿ ಮುಖ ತೋರಿಸಿದರೆ ಹಸಿರು ದೀಪ, ಅಡ್ಡಕೋಲು ತಾನೇ ಸರಿಯುತ್ತದೆ. ಮೂವರಿದ್ದ ಗೇಟಿಗೆ ನಾನೊಬ್ಬನೇ ಉಳಿದೆ. ಹಸಿರು ಬಂದವರನ್ನೂ ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಎರಡು ಸಲ ನೋಟಿಸ್ ಬಂತು. ಸೂಪರ್‌ವೈಸರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. "ಅಣ್ಣಾ, ಯೋಚನೆ ಮಾಡೋಕೆ ಮಷಿನ್ ಇದೆ, ನೀವು ನಿಂತಿದ್ರೆ ಸಾಕು. ಇನ್ನೊಂದು ಕಂಪ್ಲೇಂಟ್ ಬಂದ್ರೆ ನನ್ನ ಕೈಲೂ ಏನೂ ಆಗಲ್ಲ" ಎಂದ.

ಎರಡನೇ ಮಹಡಿಯಲ್ಲಿ ಒಬ್ಬಳು ಹೆಣ್ಣುಮಗಳಿದ್ದಳು. ಕೈಗೆ ಪಟ್ಟಿ, ಕತ್ತಿನ ಮೇಲೆ ಕಪ್ಪಿಟ್ಟ ಬೆರಳಿನ ಗುರುತು. ಬೆಳಿಗ್ಗೆ ಬಿಸಿಲಿಗೆಂದು ಗೇಟಿನ ಹತ್ತಿರ ಬಂದು ಕೂರುತ್ತಿದ್ದಳು. "ಟೋಪಿ ಹಾಕ್ಕೊಂಡ್ರೆ ಪೊಲೀಸ್ ಥರ ಕಾಣ್ತೀರಿ ಮಾವ, ತೆಗೆದ್ರೆ ಟೈಲರ್ ಥರ" ಎಂದು ನನ್ನನ್ನು ರೇಗಿಸುತ್ತಿದ್ದಳು. ಒಂದು ದಿನ ಹೊರಗೆ ಬೈಕು ನಿಂತ ಸದ್ದಿಗೆ ಮಾತು ನಿಲ್ಲಿಸಿ ಗೋಡೆಗೆ ಸರಿದಳು. ಬಂದವನು ಬೇರೆ ಯಾರೋ.

"ಬಂದವರನ್ನೆಲ್ಲ ನೋಡೇ ಬಿಡ್ತೀರಲ್ವಾ ಮಾವ?"

"ನೋಡ್ದೆ ಬಿಡ್ತೀನೇನಮ್ಮ" ಎಂದೆ.

ಮಾರನೇ ದಿನ ಸಂಜೆ ನಾಲ್ಕಕ್ಕೆ, ನೋಡಲು ಬಿಡುವ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಬಂದ. ಬರಿಗೈ. ಏನೂ ಕೇಳಲಿಲ್ಲ. ಪರದೆಯ ಮೇಲೆ ಬಂತು: ಎರಡನೇ ಮಹಡಿ, ಗಂಡ. ಹಸಿರು. ಅವಳನ್ನು ತಂದು ಸೇರಿಸಿದವನೇ ಅವನು, ಫೋಟೋ ಇರದೆ ಏನು? ಬೆಂಚಿನ ಕಡೆ ಕೈ ಎತ್ತಿದೆ, ನಿಜವಾಗಿಯೂ ಎತ್ತಿದೆ. ಹಿಂದೆ ಸಾಲು ಬೆಳೆದಿತ್ತು. "ಹಸಿರು ಬಂತಲ್ರೀ, ಇನ್ನೇನು?" ಎಂದರು ಯಾರೋ. ನೋಟಿಸು ನೆನಪಾಯಿತು, ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ ನೆನಪಾದಳು. ಎತ್ತಿದ ಕೈಯಲ್ಲಿ ಟೋಪಿ ಸರಿಮಾಡಿಕೊಂಡೆ. ಅವನು ಮೇಲೆ ಹೋದ.

ಹತ್ತು ನಿಮಿಷವೂ ಆಗಲಿಲ್ಲ, ಮೇಲಿನಿಂದ ಕಿರುಚಾಟ ಕೇಳಿತು. ಏದುಸಿರು ಬಿಡುತ್ತ ಹತ್ತಿಹೋದೆ. ಅವನನ್ನು ಇಬ್ಬರು ನೆಲಕ್ಕೆ ಒತ್ತಿ ಹಿಡಿದಿದ್ದರು. ಅವಳ ಉಸಿರು ನಿಂತಿತ್ತು.

ಸಿಸ್ಟರ್ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಳು. "ಗಂಡನ್ನ ಬಿಡ್ಬೇಡಿ ಅಂತ ಬೆಳಿಗ್ಗೇನೇ ಹೇಳಿದ್ಳು. ಮಷಿನ್‌ನಿಂದ ಅವನ ಹೆಸರು ತೆಗೀರಿ ಅಂತ ಆಫೀಸಿಗೆ ಬರೆದು ಕೊಟ್ಟಿದ್ದೆ, ಅವರಿನ್ನೂ ತೆಗೆದಿರ್ಲಿಲ್ಲ. ನೀವು ಮೊದಲಿನ ಹಾಗೆ ಒಂದು ಫೋನ್ ಮಾಡಿದ್ರೆ..."

ಮೂರನೇ ದಿನ ಏಜೆನ್ಸಿಯ ಮ್ಯಾನೇಜರ್ ಕರೆಸಿ ಟೀ ಕೊಡಿಸಿದರು. "ನಿಮ್ಮದೇನೂ ತಪ್ಪಿಲ್ಲ. ಮಷಿನ್ ಬಿಡ್ತು, ನೀವೂ ಬಿಟ್ರಿ."

"ಸಾರ್, ನನಗೆ ಅನುಮಾನ ಬಂದಿತ್ತು. ಅದನ್ನೂ ಬರ್ಕೊಳ್ಳಿ."

ಅವರು ಪೆನ್ನು ಕೆಳಗಿಟ್ಟರು. "ಅನುಮಾನ ಬಂದೂ ಬಿಟ್ರಿ ಅಂತ ಬರೆದ್ರೆ ನಿಮ್ಮನ್ನ ಯಾರೂ ಉಳಿಸೋಕಾಗಲ್ಲ. ನಮ್ಮ ಗುತ್ತಿಗೆನೂ ಹೋಗುತ್ತೆ, ಮುನ್ನೂರು ಮನೆ ಬೀದಿಗೆ ಬೀಳುತ್ತೆ. ಅದರಿಂದ ಅವಳು ವಾಪಸ್ ಬರ್ತಾಳಾ, ಹೇಳಿ."

ಟೈಪು ಮಾಡಿದ ಕಾಗದ ನನ್ನ ಮುಂದಿಟ್ಟರು: ಸದರಿ ವ್ಯಕ್ತಿಯ ನಡವಳಿಕೆಯಲ್ಲಿ ಅನುಮಾನಾಸ್ಪದವಾದುದೇನೂ ನನಗೆ ಕಂಡುಬರಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ, ಅದೂ ಇಲ್ಲವೆಂದು ಬರೆದಿತ್ತು. ಥೂ, ನನ್ನ ಜನ್ಮಕ್ಕಿಷ್ಟು. ಸಹಿ ಹಾಕಿದೆ.

ಹೊರಗೆ ಅವಳ ತಾಯಿ ಕಾದು ನಿಂತಿದ್ದರು. ಗೇಟಿನವನು ನಾನೇ ಎಂದು ಯಾರೋ ಹೇಳಿರಬೇಕು.

"ಅವನನ್ನ ನೋಡ್ದಾಗ ನಿಮಗೇನೂ ಅನ್ನಿಸ್ಲಿಲ್ವಾ ಅಪ್ಪಾ?"

"ಇಲ್ಲಮ್ಮ, ಏನೂ ಅನ್ನಿಸ್ಲಿಲ್ಲ" ಎಂದೆ.

ಆ ತಾಯಿ ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡಿ, ನಿಮಗಾದ್ರೂ ಹೇಗೆ ಗೊತ್ತಾಗ್ಬೇಕು" ಎಂದು ನನಗೇ ಸಮಾಧಾನ ಹೇಳಿದರು.