ಸಂತೆಯ ದಿನ ಹುಟ್ಟಿದವನು

ನಮ್ಮ ಮನೆಯಲ್ಲಿ ಶನಿವಾರ ಎನ್ನುವ ಮಾತಿಲ್ಲ. ಸಂತೆಯ ದಿನ ಎನ್ನುತ್ತೇವೆ. ನಾಮ್ಚೆ ಪೇಟೆಯಲ್ಲಿ ಸಂತೆ ಸೇರುವುದು ಅವತ್ತೇ, ಹಾಗಾಗಿ ಹೊರಗಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ನಮ್ಮ ಶೆರ್ಪಾಗಳಲ್ಲಿ ಹುಟ್ಟಿದ ವಾರವೇ ಮಗುವಿಗೆ ಹೆಸರಾಗುತ್ತದೆ, ಮತ್ತು ನನ್ನ ಗಂಡ ಹುಟ್ಟಿದ್ದು ಶನಿವಾರ. ಅವನು ಸತ್ತ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಹೆಸರು ಹಿಡಿದು ಕರೆದರೆ ಸತ್ತವರು ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರೆ, ಮುಂದಿನ ಜನ್ಮಕ್ಕೆ ಹೋಗದೆ ಅಲ್ಲಿಯೇ ಅಲೆಯುತ್ತಾರೆ. ಅದಕ್ಕೇ ವಾರದ ಹೆಸರನ್ನೂ ಬಿಟ್ಟೆವು.

ಬಿಡಿಸಿದ್ದು ನನ್ನ ಅತ್ತೆ. ಅವರಿಗೆ ಅವನೊಬ್ಬನೇ ಮಗ. ಸತ್ತವನಿಗೆ ದಾರಿ ತೋರುವ ಏಳು ವಾರದ ಓದು ಮುಗಿದು, ಲಾಮಾ ಅವನ ಹೆಸರು ಬರೆದ ಕಾಗದವನ್ನು ದೀಪಕ್ಕೆ ಹಿಡಿದು, "ಹೋಗು, ತಿರುಗಿ ನೋಡಬೇಡ" ಎಂದು ಹೇಳಿದ ಮೇಲೆ ಅತ್ತೆ ಎದ್ದು ಊಟದ ಕೋಣೆಯ ಗೋಡೆಯಿಂದ ಅವನ ಫೋಟೋಗಳನ್ನೆಲ್ಲ ಕಿತ್ತರು. ಬೂಟು, ಜಾಕೀಟು, ಹಗ್ಗ, ಎಲ್ಲವನ್ನೂ ದಾನ ಕೊಟ್ಟರು. ಫೋಟೋ ಇದ್ದ ಕಡೆ ಹಲಗೆ ಹೊಗೆ ಹಿಡಿಯದೆ ಬೆಳ್ಳಗೆ ಉಳಿದಿತ್ತು, ಅದೂ ಕಣ್ಣಿಗೆ ಬೀಳಬಾರದೆಂದು ಕ್ಯಾಲೆಂಡರ್ ತೂಗುಹಾಕಿದರು. ಒಮ್ಮೆ ತರಕಾರಿ ಮಾರುವ ಹೆಂಗಸೊಬ್ಬಳು ಬಾಯಿತಪ್ಪಿ ಆ ಹೆಸರು ಹೇಳಿದ್ದಕ್ಕೆ ಅವಳ ಬುಟ್ಟಿಯನ್ನೇ ಅಂಗಳಕ್ಕೆ ಎಸೆದಿದ್ದರು.

ಬೆಟ್ಟ ಹತ್ತಲು ಬರುವವರ ಬಗ್ಗೆ ನನಗೆ ಅಂಥ ಒಳ್ಳೆಯ ಅಭಿಪ್ರಾಯವಿಲ್ಲ. ನಮ್ಮ ಮನೆಯಲ್ಲೇ ದುಡ್ಡು ಕೊಟ್ಟು ಉಂಡು ಮಲಗುವ ಅವರಿಂದಲೇ ನನ್ನ ಹೊಟ್ಟೆ ತುಂಬುವುದು, ಅದು ಬೇರೆ ಮಾತು. ಊರಲ್ಲಿ ಬೆಚ್ಚಗಿನ ಹಾಸಿಗೆ ಬಿಟ್ಟು, ರಜೆ ಹಾಕಿ, ಇಷ್ಟು ದೂರ ಬಂದು ಚಳಿಯೆಂದು ನನ್ನ ಮೇಲೆ ರೇಗುತ್ತಾರೆ. ಬಿಸಿನೀರು ಎಲ್ಲಿ, ಫೋನು ಯಾಕೆ ಹತ್ತುತ್ತಿಲ್ಲ, ಕಣಿವೆ ಮೇಲಿನ ಮೋಡ ಯಾವಾಗ ಸರಿಯುತ್ತದೆ! ಮೋಡಕ್ಕೆ ನಾನು ಹೇಳಿ ಕಳಿಸಿದ್ದೇನೆ, ಸರಿಯುತ್ತದೆ ಕೂತಿರಿ ಎನ್ನುತ್ತೇನೆ. ಕೆಲವರು ನಂಬುತ್ತಾರೆ.

ಈ ಸಲ ದಸಾಯಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಆಲೂಗಡ್ಡೆ ರೊಟ್ಟಿ ಹುಯ್ಯುತ್ತಿದ್ದೆ. ನಮ್ಮೂರಿನ ಹುಡುಗ, ಕಾಮಿ ಅಂತ ಹೆಸರು, ಬೆನ್ನ ಬುಟ್ಟಿಯಲ್ಲಿ ಒಂದು ಮಗುವನ್ನು ಹೊತ್ತು ಒಳಗೆ ಬಂದ. ಅವನೀಗ ಪ್ರವಾಸಿಗರಿಗೆ ದಾರಿ ತೋರುವ ಕೆಲಸದಲ್ಲಿದ್ದಾನೆ. ಹಿಂದೆ ಒಬ್ಬ ಹೆಂಗಸು, ಸ್ವಲ್ಪ ಕುಂಟುತ್ತಾ. ಆ ಕುಂಟಿನಿಂದಲೇ ಗುರುತು ಸಿಕ್ಕಿತು. ಕಲ್ಕತ್ತದ ಮಧುಶ್ರೀ.

ಏಳೆಂಟು ವರ್ಷದ ಹಿಂದೆ ಮೇಲಿನ ಕಣಿವೆಬಾಯಿಯಲ್ಲಿ ಹಿಮಗಾಳಿಗೆ ಸಿಕ್ಕಿ, ಕಾಲಬೆರಳು ಕಪ್ಪಾಗಿ ಕೂತವಳನ್ನು ನನ್ನ ಗಂಡ ಬೆನ್ನ ಮೇಲೆ ಹೊತ್ತು ಕೆಳಗಿನ ಗುಡಿಸಲಿಗೆ ತಂದಿದ್ದ. ತನ್ನ ಉಣ್ಣೆಯ ಟೋಪಿ ತೆಗೆದು ಅವಳ ತಲೆಗೆ ಹಾಕಿದ್ದ. ಅತ್ತೆ ಹೆಣೆದ ಟೋಪಿ ಅದು. ಆಮೇಲೆ, ಹಿಂದೆ ಉಳಿದ ಸಾಮಾನು ಹೊರುವವನನ್ನು ಹುಡುಕಿಕೊಂಡು ಬರಿತಲೆಯಲ್ಲಿ ಮತ್ತೆ ಮೇಲೆ ಹೋದ. ಆ ಮನುಷ್ಯ ಬೇರೆ ದಾರಿಯಲ್ಲಿ ಇಳಿದು, ಅಷ್ಟು ಹೊತ್ತಿಗೆ ಪಕ್ಕದ ಹಳ್ಳಿಯಲ್ಲಿ ಚಹಾ ಕುಡಿಯುತ್ತಿದ್ದ. ನನ್ನ ಗಂಡ ಸಿಕ್ಕಿದ್ದು ಹಿಮ ಕರಗಿದ ಮೇಲೆ.

ಮಧುಶ್ರೀಯ ಮೇಲೆ ನನಗೆ ಸಿಟ್ಟಿತ್ತು. ಯಾಕೆ ಸುಳ್ಳು ಹೇಳಲಿ? ಆದರೆ ಅವಳು ಬಂದು ತಬ್ಬಿಕೊಂಡಾಗ ಹಿಟ್ಟಿನ ಕೈ ದೂರ ಹಿಡಿದು ಸುಮ್ಮನೆ ನಿಂತೆ.

"ದೀದಿ, ಇವನು ನನ್ನ ಮಗ," ಎಂದಳು ಅರ್ಧ ಹಿಂದಿ ಅರ್ಧ ನೇಪಾಳಿಯಲ್ಲಿ. ಆರು ವರ್ಷದವನಿರಬೇಕು, ಮುಂದಿನ ಹಲ್ಲಿಲ್ಲ. "ಇವನ ಹೆಸರೇನು ಗೊತ್ತಾ? ನೀವೇ ಹೇಳಿ ನೋಡೋಣ!"

ನನಗೇನು ಗೊತ್ತು? ಅವಳೇ ಹೇಳಿದಳು. ನನ್ನ ಗಂಡನ ಹೆಸರು.

ಕಾಮಿ ತನ್ನ ಬೂಟಿನ ಮೂತಿ ನೋಡುತ್ತಾ ನಿಂತ. ಒಲೆಯ ಪಕ್ಕ ಜಪಮಣಿ ಎಣಿಸುತ್ತಿದ್ದ ಅತ್ತೆಯ ಕೈ ನಿಂತಿತು. ಅವರಿಗೆ ಹಿಂದಿ ಬಾರದು, ಕಿವಿಯೂ ಮಂದ. ಕೇಳಿಸಿತೋ ಇಲ್ಲವೋ ಎಂದು ನೋಡಿದೆ. ಮುಖದಲ್ಲಿ ಏನೂ ಕಾಣಲಿಲ್ಲ. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು.

ಹೊರಗೆ ಕಾಮಿಯನ್ನು ಹಿಡಿದುಕೊಂಡೆ.

"ಏನೋ, ಬಾಯಲ್ಲಿ ಕಡುಬು ತುರುಕಿಕೊಂಡಿದ್ಯಾ? ದಾರೀಲೇ ಹೇಳೋಕಾಗ್ತಿರಲಿಲ್ವಾ ಅವಳಿಗೆ?"

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕ. ಮಗೂನಮ್ಮ ಅಷ್ಟು ಖುಷಿಯಾಗಿ ಬರ್ತಿದ್ರು, ಹೆಜ್ಜೆ ಹೆಜ್ಜೆಗೂ ಅಣ್ಣನ ಮಾತೇ. ನನಗೆ ಬಾಯೇ ಬರ್ಲಿಲ್ಲ."

ಹುಡುಗ ಒಂದು ಕಡೆ ಕೂರುವ ಜಾತಿಯಲ್ಲ. ಬೆರಣಿ ರಾಶಿ ಹತ್ತಿದ, ಚಹಾ ಕಡೆಯುವ ಕೊಳವೆಗೆ ಬಾಯಿಟ್ಟು ಕೂಗಿದ, ಯಾಕ್ ಕರುವಿನ ಬಾಲ ಹಿಡಿದ. ಮಧುಶ್ರೀ ಉಸಿರಿಗೊಮ್ಮೆ ಆ ಹೆಸರು ಕೂಗುತ್ತಿದ್ದಳು. ಬೆಂಕಿ ಹತ್ತಿರ ಹೋಗಬೇಡ. ಬಿಸಿ ಇದೆ, ಊದಿಕೊಂಡು ತಿನ್ನು. ಟೋಪಿ ಹಾಕಿಕೋ. ಅವು ಈ ಮನೆಯಲ್ಲಿ ಹಿಂದೆಯೂ ಆಡಿದ ಮಾತುಗಳೇ. ನನ್ನ ಗಂಡ ಬೆಳೆದು ನಿಂತ ಮೇಲೂ, ಊರಿಗೇ ದಾರಿ ತೋರುವವನಾದ ಮೇಲೂ, ಅತ್ತೆ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಹೆಸರು ಕೂಗಿ, ಟೋಪಿ ಹಾಕಿಕೊಂಡೆಯಾ ಎಂದು ಕೇಳದೆ ಕಳಿಸುತ್ತಿರಲಿಲ್ಲ.

ಹುಡುಗನಿಗೆ ತಲೆನೋವು ಬಂದಿತ್ತು, ಎತ್ತರದ ಗಾಳಿ ಒಗ್ಗುವವರೆಗೆ ಇಲ್ಲಿಯೇ ಉಳಿಯಬೇಕು. ಕರೆ ಕೇಳಿ ನನ್ನ ಗಂಡ ತಿರುಗಿ ಬಾರದಿರಲೆಂದು ನಾನು ಮತ್ತೆ ಮತ್ತೆ ಧೂಪದ ಸೊಪ್ಪು ಹಾಕಿ ಹೊಗೆ ಎಬ್ಬಿಸಿದೆ. ಅವಳು ಕೂಗಿದಾಗಲೆಲ್ಲ ನನ್ನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹೆದರಿಕೆಗೆ ನೋಡುತ್ತಿದ್ದೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವನು ಬಂದುಬಿಟ್ಟರೆ ಸಾಕೆನಿಸಿತ್ತು. ಹಿಮ ಕೊಡವಿಕೊಂಡು, ಏನೇ ಸೀದ ವಾಸನೆ ಎಂದು ಕೇಳಿದರೆ ಸಾಕು. ಅವನ ಮುಂದಿನ ಜನ್ಮ ಹಾಳಾದರೆ ಆಗಲಿ ಎಂದು ಒಂದು ಗಳಿಗೆ ಅನ್ನಿಸಿಯೂ ಬಿಟ್ಟಿತು, ಮತ್ತು ಹಾಗನ್ನಿಸಿದ್ದಕ್ಕೇ ನಾನು ಹೆದರಿದೆ.

ಮರುದಿನ ಬೆಳಿಗ್ಗೆ ಅವಳನ್ನು ನೀರಿನ ಕೊಳಾಯಿಯ ಹತ್ತಿರ ಕರೆದು ಹೇಳಿದೆ.

"ನೋಡು ತಂಗಿ, ತಪ್ಪು ತಿಳೀಬೇಡ. ನಮ್ಮಲ್ಲಿ ಹೋದವರ ಹೆಸರು ಕರೆಯೋ ಹಾಗಿಲ್ಲ. ಕರೆದ್ರೆ ಅವರು ಹೋಗೋ ದಾರಿ ಹೋಗಲ್ಲ. ಅತ್ತೆ ಕಿವಿಗೆ ಬಿದ್ರೆ ಅವರು ತಡ್ಕೊಳ್ಳಲ್ಲ."

ಅವಳ ಮುಖದ ರಕ್ತ ಇಳಿಯಿತು. ಹಲ್ಲುಜ್ಜುವ ಬ್ರಷ್ಷು ಕೈಯಲ್ಲೇ ಉಳಿಯಿತು.

"ದೀದಿ... ನಮ್ಮ ಕಡೆ ಹೆಸರಿಟ್ರೆ ಮನುಷ್ಯ ಉಳೀತಾನೆ ಅಂತಾರೆ. ನಾನು ಬದುಕಿರೋದೇ ಅವರಿಂದ. ಇವನು ಹುಟ್ಟಿದ ದಿನಾನೇ ಅಂದ್ಕೊಂಡಿದ್ದೆ, ನಡೆಯೋ ಹಾಗಾದ ಮೇಲೆ ಅವರ ಅಮ್ಮನಿಗೆ ತಂದು ತೋರಿಸ್ಬೇಕು ಅಂತ." ಅವಳು ಅತ್ತಳು. "ಎಂಥ ಕೆಲಸ ಮಾಡ್ಬಿಟ್ಟೆ ನಾನು."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. "ನಿನಗೇನು ಗೊತ್ತಿತ್ತು, ಬಿಡು. ಮಗೂಗೆ ಬೇರೆ ಹೆಸರೇನಾದ್ರೂ ಇದ್ಯಾ?"

"ಮನೇಲಿ ಮುದ್ದಿಗೆ ಬುಬಾಯ್ ಅಂತೀವಿ."

"ಹಾಗಾದ್ರೆ ಅದೇ ಇರ್ಲಿ, ಇಲ್ಲಿರೋವರೆಗೆ."

ಹುಡುಗ ಒಪ್ಪಲಿಲ್ಲ. "ನೀನೇ ಅಂದಿದ್ದೆ, ಆ ಮನೇಲಿ ನನ್ನ ಹೆಸರು ಕೇಳಿದ್ರೆ ಎಲ್ರಿಗೂ ಖುಷಿಯಾಗುತ್ತೆ ಅಂತ," ಎಂದು ಮುಖ ಊದಿಸಿದ. ಆಮೇಲೆ ಕರುವಿನ ಹಿಂದೆ ಓಡಿ ಮರೆತ. ಅವತ್ತೆಲ್ಲ ಬುಬಾಯ್, ಬುಬಾಯ್. ನಾನು ನೆಮ್ಮದಿಯಿಂದ ರೊಟ್ಟಿ ಮಾಡಿದೆ. ಅತ್ತೆ ಮಾತ್ರ ಸಂಜೆಯ ಗಂಜಿ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಬಿಸಿಲು ಬೀಳುತ್ತಿದ್ದಂತೆ ಅವರು ಹೊರಟರು. ಮಧುಶ್ರೀ ಅತ್ತೆಯ ಕಾಲು ಮುಟ್ಟಿದಳು. ನಮ್ಮಲ್ಲಿ ಆ ರೂಢಿಯಿಲ್ಲ, ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. ನಾನು ಅವರ ಕೊರಳಿಗೆಲ್ಲ ಬೀಳ್ಕೊಡುವ ಬಿಳಿಯ ಖಾತಾ ವಸ್ತ್ರ ಹಾಕಿ ಅಂಗಳದವರೆಗೆ ಬಿಟ್ಟುಬಂದು ಲೋಟ ತೊಳೆಯುತ್ತಿದ್ದೆ.

"ಏ ಯಾಂಜೀ," ಎಂದರು ಅತ್ತೆ ಒಲೆಯ ಮುಂದಿನಿಂದ. "ಆ ಮಗೂನ ಯಾಕೆ ಅವರು ಕರೀಲಿಲ್ಲ?"

"ಕರೀತಿದ್ರಲ್ಲ ಅತ್ತೆ. ಬುಬಾಯ್ ಅಂತ ದಿನವೆಲ್ಲ ಕೂಗಿದ್ರು."

"ಅದಲ್ಲ."

ನಾನು ಲೋಟ ಕೆಳಗಿಟ್ಟೆ.

"ಮೊದಲನೇ ದಿನ ಕರೀತಿದ್ರು," ಎಂದರು. "ಅವರ ಮಾತು ನನಗೇನೂ ತಿಳೀಲಿಲ್ಲ. ಅದೊಂದೇ ತಿಳೀತು. ಇಲ್ಲೇ ಕಣ್ಣು ಮುಚ್ಕೊಂಡು ಕೂತಿದ್ದೆ. ಹೊರಗೆ ಆಡ್ತಿದಾನೆ, ಹಸಿವಾದ್ರೆ ಬರ್ತಾನೆ ಅಂತ. ನಿನ್ನೆ ಕಾದೆ, ಕಾದೆ, ಯಾರೂ ಕರೀಲಿಲ್ಲ."

"ನಾನೇ ಬೇಡ ಅಂದೆ ಅತ್ತೆ. ನೀವೇ ತಾನೆ..."

"ಹೌದು, ನಾನೇ." ಜಪಮಣಿಯನ್ನು ಮಡಿಲಲ್ಲಿ ಹಾಕಿಕೊಂಡರು. "ಫೋಟೋ ಕಿತ್ತೆ. ಬೂಟು ಕೊಟ್ಟೆ. ಇನ್ನೂ ಏನು ಕೊಡ್ಲಿ? ನನ್ನ ಬಾಯಿಂದ ಬರಲ್ಲ ಕಣೇ, ಹೆತ್ತವಳು ಕರೆದ್ರೆ ಅವನು ಬಂದೇ ಬಿಡ್ತಾನೆ. ಬೇರೆ ಯಾರಾದ್ರೂ ಒಂದು ಸಲ ಕರೆದಿದ್ರೆ ಆಗ್ತಿತ್ತು."

ನಾನು ಕೈ ಒರೆಸಿಕೊಳ್ಳಲೂ ನಿಲ್ಲದೆ ಹೊರಗೆ ಓಡಿದೆ. ಅವರು ಮಂತ್ರ ಕೆತ್ತಿದ ಕಲ್ಲುಗೋಡೆಯನ್ನು ಎಡಕ್ಕೆ ಬಳಸಿ ಏರು ಹತ್ತುತ್ತಿದ್ದರು. ಮುಂದೆ ಕಾಮಿ, ಹಿಂದೆ ಮಧುಶ್ರೀ, ಬುಟ್ಟಿಯಲ್ಲಿ ಕೂರಲೊಲ್ಲೆನೆಂದ ಹುಡುಗ ಎಲ್ಲರಿಗಿಂತ ಹಿಂದೆ, ಕಲ್ಲು ಒದೆಯುತ್ತಾ. ಮಧುಶ್ರೀಗೆ ಹೇಳಿ ಕೂಗಿಸೋಣವೆಂದರೆ ಅವಳು ದೂರ ಹೋಗಿಬಿಟ್ಟಿದ್ದಳು. ನಾನೇ ಬಾಯಿ ತೆರೆದೆ. ಮೊದಲ ಸಲ ಗಾಳಿ ಮಾತ್ರ ಬಂತು.

"ಪೆಂಬಾ!"

ಎರಡನೆಯ ಸಲ ಇಡೀ ಊರಿಗೆ ಕೇಳುವಂತೆ ಕೂಗಿದೆ. ಪಕ್ಕದ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ ಹೆಂಗಸರು ತಲೆಯೆತ್ತಿದರು. ಎತ್ತಲಿ.

"ಪೆಂಬಾ! ಏ ಪೆಂಬಾ!"

ಹುಡುಗ ನಿಂತ. ತಿರುಗಿ ನನ್ನನ್ನು ನೋಡಿದ.

"ಏನು?" ಎಂದು ಕೂಗಿದ.

ಏನು ಹೇಳಲಿ? ಹೇಳಲು ಎಷ್ಟೋ ಇದ್ದವು, ಅವುಗಳಲ್ಲಿ ಒಂದೂ ಆ ಮಗುವಿಗಲ್ಲ. ಕಣ್ಣು ಮಂಜಾಗಿ ಅವನು ಸರಿಯಾಗಿ ಕಾಣಲೂ ಇಲ್ಲ.

"ಏನಿಲ್ಲ," ಎಂದೆ. "ಹೋಗಪ್ಪ. ತಿರುಗಿ ನೋಡ್ಬೇಡ. ಹೋಗು."

ಅವನು ಹೋದ. ಮಕ್ಕಳಿಗೆ ಬೇಡವೆಂದರೆ ಕೇಳುತ್ತವೆಯೇ, ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಕೈ ಬೀಸಿದ.

ಹಿಂದೆ ಸದ್ದಾಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ಅವರ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ, ಆದರೂ ಹಣೆಗೆ ಕೈ ಹಚ್ಚಿ ಏರಿನ ಕಡೆಗೇ ನೋಡುತ್ತಿದ್ದರು.

"ಟೋಪಿ ಹಾಕ್ಕೊಂಡಿದಾನಾ?" ಎಂದು ಕೇಳಿದರು.

ಹುಡುಗ ಟೋಪಿಯನ್ನು ಕೈಯಲ್ಲಿ ಹಿಡಿದು ಬೀಸುತ್ತಿದ್ದ.

"ಹಾಕ್ಕೊಂಡಿದಾನೆ ಅತ್ತೆ," ಎಂದೆ.

"ಕಿವಿ ಮುಚ್ಚೋ ಹಾಗೆ?"

"ಹ್ಞೂಂ. ಕಿವಿ ಮುಚ್ಚೋ ಹಾಗೆ."