ಬೇಲಿಯ ಆಚೆಯ ಗೇಟು

ಶವಪೆಟ್ಟಿಗೆ ಓಣಿಯಂಥ ಪಡಸಾಲೆಯ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಓರೆ ಮಾಡ್ರಪ್ಪ, ಸ್ವಲ್ಪ ಓರೆ" ಎಂದರು ಅವಳ ಗಂಡನ ಸೋದರಮಾವ.

"ಬರುವಾಗ ಸಲೀಸಾಗಿ ಬಂತಲ್ಲ ಸಾರ್?" ಎಂದ, ನಿಘಂಟು ಕಚೇರಿಯಲ್ಲಿ ಗಂಡನ ಎದುರು ಮೇಜಿನಲ್ಲಿ ಕೂರುತ್ತಿದ್ದವನು.

"ಬರುವಾಗ ಖಾಲಿ ಇತ್ತು, ನಿಲ್ಲಿಸ್ಕೊಂಡು ತಂದ್ರಿ. ಈಗ ಅವನನ್ನ ನಿಲ್ಲಿಸ್ತೀಯಾ?"

ಯಾರೋ ನಕ್ಕು, ಕೆಮ್ಮಿ ಮುಚ್ಚಿದರು. ಅವಳಿಗೆ ಬೇಸರವಾಗಲಿಲ್ಲ. ಏನೂ ಆಗಲಿಲ್ಲ.

"ಹಿತ್ತಲಿಂದ ಹೋಗ್ಬಹುದಲ್ಲ?" ಎಂದಳು.

ಹಿತ್ತಲಿಗೆ ಅಡ್ಡ ಬೇಲಿ. ರಸ್ತೆಯ ಗೇಟು ಇರುವುದು ಆಚೆ, ಗಂಡನ ಅಣ್ಣನ ಪಾಲಿನಲ್ಲಿ. ಮನೆ ಪಾಲಾದಂದಿನಿಂದ ಅಣ್ಣ ತಮ್ಮ ಮಾತಾಡಿರಲಿಲ್ಲ. ಇವತ್ತೂ ಅಣ್ಣ ಬಂದು ನಿಂತದ್ದು ಬೇಲಿಯ ಆಚೆಗೇ.

"ಯಾರಮ್ಮ ಕೇಳೋದು ಅವನನ್ನ?" ಎಂದರು ಮಾವ, ನೆಲ ನೋಡುತ್ತ.

\*

ಬೇಲಿ ಹಾಕಿದ ದಿನ ಗಂಡ ಚಹಾದ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ.

"ನಾನು ಈಗ ಬರೀತಿರೋ ಪದ ಇದೇ ಕಣೇ. ಇಂಗ್ಲಿಷಿನ 'ಟೌನ್'. ಅದರ ದಾಯಾದಿ ಪದ ಡಚ್ಚಲ್ಲಿ ತೋಟ, ಜರ್ಮನ್ನಲ್ಲಿ ಬೇಲಿ."

"ಮೊದಲು ಯಾವುದು?"

"ಬೇಲಿ. ಸುತ್ತ ಕಟ್ಟಿದ್ದರ ಹೆಸರೇ ಆಮೇಲೆ ಒಳಗಿರೋದಕ್ಕೂ ಬಂತು."

"ಹಾಗಾದ್ರೆ ಹೋಗಿ ಹೇಳು, ಅಣ್ಣ, ನೀನು ಊರು ಕಟ್ತಿದ್ದೀಯ ಅಂತ."

ಅವನು ನಕ್ಕ. ಆಚೆ ಕಂಬ ಒಂದು ಕಡೆ ವಾಲಿತು.

"ಒಬ್ಬನೇ ಹೆಂಗೆ ಹೊಡೀತಾನೆ ಇವನು" ಎಂದವನೇ ಲೋಟ ಇಟ್ಟು ಹೋದ. ಸಂಜೆಯವರೆಗೂ ತಮ್ಮ ಕಂಬ ಹಿಡಿದ, ಅಣ್ಣ ಸುತ್ತಿಗೆ ಬಡಿದ.

\*

"ನಾನು ಕೇಳ್ತೀನಿ" ಎಂದು ಅವಳು ಹಿತ್ತಲಿಗೆ ನಡೆದಳು.

"ಭಾವ, ಮುಂದಿನಿಂದ ಆಗ್ತಿಲ್ಲ."

ಅವರು ಅವಳ ಮುಖ ನೋಡಲಿಲ್ಲ. "ಎಷ್ಟು ಕೀಳ್ಬೇಕು?"

"ಪೆಟ್ಟಿಗೆ ಹೋಗೋವಷ್ಟು."

ಅವರು ಹಲಗೆಗಳನ್ನು ಬಿಚ್ಚಿ ಕಂಬಕ್ಕೆ ಕೈಹಾಕಿದರು. ಮೊದಲನೆಯದು ಬಂತು. ಎರಡನೆಯದು ಅಲುಗಲಿಲ್ಲ.

"ಭದ್ರವಾಗಿ ಕೂತಿದೆ. ಅವನೇ ಹಿಡಿದಿದ್ದ" ಎಂದರು.

ಅವಳು ಈಚೆ ಬದಿಯಿಂದ ಕಂಬ ಹಿಡಿದಳು. ಒಬ್ಬರು ದೂಡಿ, ಒಬ್ಬರು ಎಳೆದು, ಅಲ್ಲಾಡಿಸಿ ಕಿತ್ತರು.

ಪೆಟ್ಟಿಗೆ ಬಂದಾಗ ಮುಂದಿನ ಹೆಗಲು ಅಣ್ಣನದು. "ಗುಂಡಿ ಇದೆ, ನೋಡ್ಕೊಂಡು" ಎಂದು ಹಿಂದಿನವರಿಗೆ ಹೇಳುತ್ತ ನಡೆದರು.

ಸಂಜೆ ಅವಳು ಅದೇ ಕಿಟಕಿಯಲ್ಲಿ ನಿಂತಿದ್ದಳು. ಕಿತ್ತ ಕಂಬಗಳು ಗೋಡೆಗೆ ಒರಗಿದ್ದವು. ಭಾವ ಬಗ್ಗಿ ಗುಂಡಿಗಳಿಗೆ ಮಣ್ಣು ತುಂಬುತ್ತಿದ್ದರು. ತುಂಬಿ, ಕಾಲಿನಿಂದ ತುಳಿದು, ನೆಲಕ್ಕೆ ಸಮ ಮಾಡುತ್ತಿದ್ದರು.